ಓದುಗರ ಕಾಗದ, ನನ್ನ ಉತ್ತರ: ಗೋಡೆ ಮೇಲಿನ ಕಾಯಕ, ಕೈಗೆ ಬಂದ ಪಗಾರ

(ಈ ಸಂಚಿಕೆಗೆ ‘ಕೆಲಸ ಮತ್ತು ನ್ಯಾಯ’ ಎಂಬ ವಿಷಯದ ಮೇಲೆ ಪ್ರಶ್ನೆ ಕರೆದಿದ್ದೆವು. ಉತ್ತರಿಸುತ್ತಿರುವವರು ಕಲಬುರಗಿಯ ನಿವೃತ್ತ ರಾಜ್ಯಶಾಸ್ತ್ರ ಉಪನ್ಯಾಸಕಿ. ಕಾಗದ ಬರೆದವರ ಹೆಸರು ಕೈಬಿಟ್ಟಿದ್ದೇವೆ.)

ಪ್ರಶ್ನೆ: ಮೇಡಂ, ನಾನು ಐಟಿಐ ಫಿಟ್ಟರ್. ಒಂದು ಸಿಮೆಂಟ್ ಫ್ಯಾಕ್ಟರಿಯ ಪ್ಯಾಕಿಂಗ್ ವಿಭಾಗದಲ್ಲಿ ಗುತ್ತಿಗೆ ಮೇಲೆ ಇದ್ದೇನೆ. ಯಂತ್ರದ ಮೂತಿಗೆ ಖಾಲಿ ಚೀಲ ಸಿಗಿಸುವುದು, 50 ಕೆಜಿ ತುಂಬಿ ಅದು ಬೆಲ್ಟಿಗೆ ಬಿದ್ದ ಕೂಡಲೇ ಇನ್ನೊಂದು ಸಿಗಿಸುವುದು. ಇಷ್ಟೇ ಕೆಲಸ. ಒಳಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಕಾಯಕವೇ ಕೈಲಾಸ’ ಎಂದು ಬರೆಸಿದ್ದಾರೆ. ಬ್ಯಾಸರ ಅಂದರೆ ಸೂಪರ್‌ವೈಸರ್ ಅದನ್ನೇ ಬೆರಳು ಮಾಡಿ ತೋರಿಸುತ್ತಾರೆ. ಪಗಾರ ಹೊತ್ತಿಗೆ ಬರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೂ ಮನಸ್ಸು ಹತ್ತವಲ್ದು. ತಪ್ಪು ನನ್ನದೇ ಏನು?
(ಸೇಡಂ ತಾಲ್ಲೂಕು)

ಉತ್ತರ: ತಮ್ಮಾ, ನಿನ್ನ ತಪ್ಪು ಏನೂ ಇಲ್ಲ. ಗೋಡೆಗೆ ಬರೆಸಿದವರು ಆ ಮಾತನ್ನು ಯಾರು ಯಾರಿಗೆ ಹೇಳಿದ್ದು ಎಂದು ವಿಚಾರಿಸಿಲ್ಲ, ಅಷ್ಟೇ.

ಎಲ್ಲರೂ ಅದನ್ನು ಬಸವಣ್ಣನವರ ಹೆಸರಿಗೆ ಹಾಕುತ್ತಾರೆ. ಆದರೆ ಆ ಸಾಲು ಇರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿ ಆಯ್ದುಕೊಂಡು ಬದುಕಿದವನು ಅವನು. ಕಾಯಕದಲ್ಲಿ ನಿರತನಾದರೆ ಗುರುದರ್ಶನವನ್ನೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು, ‘ಜಂಗಮ ಮುಂದಿದ್ದರೂ ಹಂಗು ಹರಿಯಬೇಕು’ ಎಂದು ಹೇಳಿ, ಆಮೇಲೆ ಕಾಯಕವೇ ಕೈಲಾಸ ಅನ್ನುತ್ತಾನೆ. ನೆಲದ ಮೇಲೆ ಕೂತು ಅಕ್ಕಿ ಆಯುವವನು ಮೇಲೆ ಕೂತವರಿಗೆ ‘ತಡೀರಿ, ನನಗೆ ಕೆಲಸ ಅದೆ’ ಎಂದ ಮಾತು ಅದು. ಹಂಗು ಹರಿದುಕೊಂಡವನ ಮಾತನ್ನು ಗುತ್ತಿಗೆಯ ಹಂಗಿನಲ್ಲಿ ಇದ್ದವನ ಬಾಯಿ ಮುಚ್ಚಿಸಲು ಬಳಸಿದರೆ ಮಾರಯ್ಯ ಒಪ್ಪುತ್ತಿರಲಿಲ್ಲ.

ಅವನ ಹೆಂಡತಿ ಲಕ್ಕಮ್ಮನ ಕಥೆಯೂ ನಿನಗೆ ಗೊತ್ತಿರಬೇಕು. ಒಂದು ದಿನ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ತಂದ. ‘ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ’ ಎಂದು ತಿರುಗಿ ಒಯ್ದು ಹಾಕಿಸಿದಳು. ನಮ್ಮ ಕಡೆ ಪುರಾಣ ಹೇಳುವವರು ಈ ಕಥೆಯನ್ನು ಬಡವರಿಗೆ ‘ಆಸೆ ಪಡಬೇಡಿ’ ಎಂದು ಹೇಳಲು ಇಟ್ಟುಕೊಂಡಿದ್ದಾರೆ. ನನಗೆ ಕಾಣುವುದು ಬೇರೆ. ಮನೆಗೆ ಎಷ್ಟು ಬರಬೇಕು, ಅದು ಎಲ್ಲಿಂದ ಬಂತು, ಯಾರ ಪಾಲು ಎಂದು ಕೇಳುವ ಅಧಿಕಾರ ಅಲ್ಲಿ ಅಕ್ಕಿ ಬೇಯಿಸುವ ಹೆಂಗಸಿಗಿತ್ತು. ಕಾಯಕದ ಬೆನ್ನಿಗೇ ದಾಸೋಹವಿತ್ತು. ದುಡಿದದ್ದರಲ್ಲಿ ಉಳಿದದ್ದು ಎಲ್ಲಿಗೆ ಹೋಗುತ್ತದೆ ಎಂಬ ಲೆಕ್ಕ ಬಿಟ್ಟು ಶರಣರು ಕೆಲಸದ ಮಾತೇ ಆಡಲಿಲ್ಲ. ನಿಮ್ಮ ಗೋಡೆಯ ಮೇಲೆ ಕಾಯಕಕ್ಕೆ ಜಾಗ ಸಿಕ್ಕಿತು, ದಾಸೋಹಕ್ಕೆ ಸಿಗಲಿಲ್ಲ. ಬಣ್ಣ ತೀರಿತ್ತೋ ಏನೋ.

ಇನ್ನು ಬ್ಯಾಸರದ ಮಾತು. ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1776ರ ತನ್ನ ಗ್ರಂಥದಲ್ಲಿ ಗುಂಡುಸೂಜಿ ಮಾಡುವ ಜಾಗದ ಲೆಕ್ಕ ಕೊಟ್ಟ. ಒಬ್ಬ ತಂತಿ ಎಳೆಯುತ್ತಾನೆ, ಒಬ್ಬ ಸೀದಾ ಮಾಡುತ್ತಾನೆ, ಒಬ್ಬ ಕತ್ತರಿಸುತ್ತಾನೆ, ಒಬ್ಬ ತುದಿ ಚೂಪು ಮಾಡುತ್ತಾನೆ. ಹೀಗೆ ಹಂಚಿಕೊಂಡ ಹತ್ತು ಮಂದಿ ದಿನಕ್ಕೆ 48,000 ಸೂಜಿ ಮಾಡುತ್ತಾರೆ. ಒಬ್ಬೊಬ್ಬರೇ ಮಾಡಿದರೆ ತಲಾ 20 ಸಹ ಆಗಲಿಕ್ಕಿಲ್ಲ. ಇಷ್ಟನ್ನು ಕಾಲೇಜಿನಲ್ಲಿ ಎಲ್ಲರೂ ಓದಿಸುತ್ತೇವೆ. ಅದೇ ಗ್ರಂಥದ ಕೊನೆಯ ಭಾಗದಲ್ಲಿ ಅದೇ ಸ್ಮಿತ್, ಜೀವಮಾನವೆಲ್ಲ ಒಂದೆರಡು ಸರಳ ಕೆಲಸದಲ್ಲೇ ಕಳೆಯುವವನ ಬುದ್ಧಿ ಮಂಕಾಗುತ್ತದೆ, ಮನೆಯ ಸಾಮಾನ್ಯ ಕರ್ತವ್ಯದ ಬಗ್ಗೆಯಾಗಲಿ ದೇಶದ ದೊಡ್ಡ ವಿಷಯದ ಬಗ್ಗೆಯಾಗಲಿ ತೂಗಿ ನೋಡುವ ಶಕ್ತಿ ಹೋಗುತ್ತದೆ, ಸರಕಾರ ತಡೆಯದಿದ್ದರೆ ದುಡಿಯುವ ಬಡವರಿಗೆಲ್ಲ ಇದೇ ಗತಿ ಎಂದು ಬರೆದಿದ್ದಾನೆ. ಅದು ಪರೀಕ್ಷೆಗೆ ಬರುವುದಿಲ್ಲ.

ಈ ಎಳೆಯನ್ನೇ ಹಿಡಿದು 1982ರಲ್ಲಿ ಅಡೀನಾ ಶ್ವಾರ್ಟ್ಜ್ ಎಂಬ ತತ್ವಜ್ಞಾನಿ ಗಟ್ಟಿಯಾಗಿ ವಾದಿಸಿದರು. ಯೋಜನೆ ಹಾಕುವವರು ಬೇರೆ, ಮಾಡುವವರು ಬೇರೆ ಎಂದು ಕೆಲಸವನ್ನು ಸೀಳಿದರೆ, ಹಗಲೆಲ್ಲ ಇನ್ನೊಬ್ಬರ ಯೋಜನೆಗೆ ಬರೀ ಕೈಯಾದವನು ಸಂಜೆ ಗೇಟು ದಾಟಿದ ಕೂಡಲೇ ಸ್ವಂತ ಬುದ್ಧಿಯ ಮನುಷ್ಯನಾಗಿಬಿಡುತ್ತಾನೆ ಎಂದು ನಂಬುವುದು ಹೇಗೆ? ಹಾಗಾಗಿ ಇದು ಮನಸ್ಸು ಗಟ್ಟಿ ಮಾಡಿಕೊಂಡರೆ ಸರಿಹೋಗುವ ಸಂಗತಿ ಆಗಲಾರದು. 1971ರಲ್ಲಿ ನ್ಯಾಯದ ಬಗ್ಗೆ ದೊಡ್ಡ ಗ್ರಂಥ ಬರೆದ ಜಾನ್ ರಾಲ್ಸ್ ಕೂಡ, ಬುದ್ಧಿ ಮತ್ತು ಭಾವ ಎರಡನ್ನೂ ಸಾಯಿಸುವ ಏಕತಾನದ ಕೆಲಸಗಳ ನಡುವೆಯೇ ಒಂದನ್ನು ಆರಿಸಿಕೊಳ್ಳುವ ಗತಿ ಯಾರಿಗೂ ಬರಬಾರದು ಎಂದಿದ್ದಾರೆ. ಹೇಳಿ ಮುಂದೆ ಹೋದರು, ಜಾಸ್ತಿ ನಿಲ್ಲಲಿಲ್ಲ. ಅದು ನನ್ನ ಹಳೆಯ ತಕರಾರು.

ಕೆಲಸ ಬಿಡು ಅನ್ನುವುದಿಲ್ಲ. ಹೊತ್ತಿಗೆ ಪಗಾರ ಕೊಡುವ ಇನ್ನೊಂದು ಜಾಗ ಸೇಡಂ-ಚಿತ್ತಾಪುರದಲ್ಲಿ ಹುಡುಕುವ ತ್ರಾಸು ನನಗೆ ಗೊತ್ತು. ನೀನು ಫಿಟ್ಟರ್. ಪ್ಯಾಕರ್ ಕೆಟ್ಟು ನಿಂತಾಗ ಬಿಚ್ಚಲು ಬರುವವರ ಜೊತೆ ನಿನಗೂ ಪಾನಾ ಕೊಡಲಿ. ಒಂದು ವಾರ ಚೀಲ, ಒಂದು ವಾರ ಬೆಲ್ಟಿನ ನಿಗಾ, ಒಂದು ವಾರ ರಿಪೇರಿ ಎಂದು ಪಾಳಿ ಬದಲಿಸಲಿ. ಇದನ್ನು ಒಬ್ಬನೇ ಹೋಗಿ ಕೇಳಬೇಡ, ನಿನ್ನ ಶಿಫ್ಟಿನವರೆಲ್ಲ ಸಹಿ ಹಾಕಿ ಕೇಳಿ. ಕೆಲಸಗಾರರು ಆಡಳಿತದಲ್ಲಿ ಭಾಗವಹಿಸಬೇಕು ಎಂಬ 43ಎ ವಿಧಿ 1976ರಲ್ಲೇ ಸಂವಿಧಾನ ಸೇರಿದೆ. ನಿರ್ದೇಶಕ ತತ್ವ ಅದು, ಅದನ್ನೇ ಹಿಡಿದು ಕೋರ್ಟಿಗೆ ಹೋಗಲು ಬರುವುದಿಲ್ಲ. ಅರ್ಜಿಯಲ್ಲಿ ಬರೆಯಲು ಮಾತ್ರ ಯಾರೂ ತಡೆಯುವುದಿಲ್ಲ.

ಪ್ರಶ್ನೆ: ಎಫ್‌ಡಿಎ, ಪಿಡಿಒ ಎಂದು ವರ್ಷಗಟ್ಟಲೆ ಲೈಬ್ರರಿಯಲ್ಲಿ ಕೂತಿದ್ದೇವೆ. ಸರಕಾರಿ ನೌಕರಿ ಅರ್ಥಪೂರ್ಣವೇ, ಅಥವಾ ಬರೀ ಭದ್ರತೆಯೇ?
(ಕಲಬುರಗಿ)

ಉತ್ತರ: ಭದ್ರತೆಗೆ ‘ಬರೀ’ ಯಾಕೆ ಸೇರಿಸಿದಿರಿ? ನಾಳೆ ಕೆಲಸವಿರುತ್ತದೋ ಇಲ್ಲವೋ ಎಂಬ ಭಯ ಇಲ್ಲದವರು ಮಾತ್ರ ಮೇಲಿನವರಿಗೆ ‘ಇದು ಸರಿಯಲ್ಲ ಸರ್’ ಅನ್ನಬಲ್ಲರು. ನಮ್ಮ ಭಾಗದವರಿಗೆ ಮೀಸಲು ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಇಲ್ಲಿನ ಮಕ್ಕಳಿಗೆ ಸಿಕ್ಕ ಹುದ್ದೆಗಳ ಬೆಲೆ ಅದರಲ್ಲಿದೆ. ಪಿಡಿಒ ಆದರೆ ಊರ ಕುಡಿಯುವ ನೀರು, ಉದ್ಯೋಗ ಖಾತರಿಯ ಹಾಜರಿ ನಿಮ್ಮ ಸಹಿಯಲ್ಲಿ ಇರುತ್ತದೆ. ಅರ್ಥ ಸಾಲದು ಎಂದು ಆಗ ನನಗೆ ಕಾಗದ ಬರೆಯಬೇಡಿ.

ಪ್ರಶ್ನೆ: ನಮ್ಮ ಮನೆಯವರು ಬಿದರಿ ಕೆಲಸದಲ್ಲಿ ಕೆತ್ತನೆ ಮಾಡುತ್ತಾರೆ. ನೋಡಲು ಬಂದವರೆಲ್ಲ ಎಂಥ ಕಲೆ, ನೀವು ಪುಣ್ಯವಂತರು, ಇಂಥ ಅರ್ಥವಿರುವ ಕೆಲಸ ಯಾರಿಗೆ ಸಿಗುತ್ತದೆ ಅನ್ನುತ್ತಾರೆ. ಕೂಲಿ ಒಂದೊಂದು ನಗಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ, ಅಷ್ಟರಲ್ಲಿ ಮನೆ ನಡೆಯುವುದಿಲ್ಲ. ಮಗ ಹೈದರಾಬಾದಿಗೆ ಹೋಗಿ ಪಾರ್ಸಲ್ ಮುಟ್ಟಿಸುವ ಕೆಲಸ ಮಾಡುತ್ತೇನೆ ಅನ್ನುತ್ತಾನೆ. ಕಲೆ ಬಿಡಬಾರದು ಎಂದು ಎಲ್ಲರೂ ಅವನಿಗೆ ಬುದ್ಧಿ ಹೇಳುತ್ತಿದ್ದಾರೆ. ನೀವೇನು ಹೇಳುತ್ತೀರಿ?
(ಬೀದರ)

ಉತ್ತರ: ಬುದ್ಧಿ ಹೇಳುವವರ ಮಕ್ಕಳು ಏನು ಓದುತ್ತಿದ್ದಾರೆ ಎಂದು ಮೊದಲು ಕೇಳಿ, ತಂಗೀ.

ನಿಮ್ಮವರ ಕೆಲಸವನ್ನು ನಾನು ಹತ್ತಿರ ಕೂತು ನೋಡಿದ್ದೇನೆ. ಸತು-ತಾಮ್ರ ಕೂಡಿಸಿ ಎರಕ ಹೊಯ್ದ ಹೂಜಿ ಮೊದಲು ಬೂದು ಬಣ್ಣದ್ದು. ಉಜ್ಜಿ ನುಣುಪು ಮಾಡಿ ಮೈಲುತುತ್ತದ ನೀರು ಬಳಿದರೆ ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತದೆ, ಗೆರೆ ಎಳೆದದ್ದು ಕಾಣಲಿ ಎಂದು. ಆ ಕಪ್ಪಿನ ಮೇಲೆ ನಮೂನೆ ಇಟ್ಟುಕೊಳ್ಳದೆ ಬಳ್ಳಿ ಬಿಡಿಸುತ್ತಾರೆ, ಉಳಿಯಲ್ಲಿ ಕೊರೆಯುತ್ತಾರೆ, ಕೊರೆದ ಸಂದಿಗೆ ಬೆಳ್ಳಿ ತಂತಿ ಕೂಡಿಸಿ ಬಡಿಯುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಹಾಕಿದ ನೀರು ತಾಗಿದರೆ ಹೂಜಿ ಪಕ್ಕಾ ಕಪ್ಪು, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಇದರಲ್ಲಿ ಬುದ್ಧಿ ಇದೆ, ಕೈ ಇದೆ, ನಡುವೆ ಮನಸ್ಸು ಬದಲಿಸಿ ಇನ್ನೊಂದು ಎಲೆ ಬಿಡಿಸುವ ಸ್ವಾತಂತ್ರ್ಯ ಇದೆ. ಸೇಡಂ ಹುಡುಗನಿಗೆ ಇಲ್ಲದ್ದೆಲ್ಲ ನಿಮ್ಮವರಿಗೆ ಇದೆ. ಅದೇ ಕೋಣೆಯ ಮೂಲೆಯಲ್ಲಿ ಇಡೀ ದಿನ ಬಫಿಂಗ್ ಗಾಲಿಗೆ ಹೂಜಿ ಹಿಡಿದು ಲೋಹದ ಧೂಳು ಕುಡಿಯುವವನಿಗೆ ಅದು ಇಲ್ಲ, ಮತ್ತು ಬಂದವರು ಅವನ ಫೋಟೋ ತೆಗೆಯುವುದಿಲ್ಲ. ಒಂದೇ ಕಲೆಯೊಳಗೂ ಅರ್ಥ ಸಮ ಹಂಚಿಕೆಯಾಗಿಲ್ಲ.

ಈಗ ಕೂಲಿ. ಅಮೆರಿಕದ ತತ್ವಜ್ಞಾನಿ ರಾಬರ್ಟ್ ನೋಜಿಕ್ 1974ರಲ್ಲಿ ಒಂದು ವಾದ ಮಂಡಿಸಿದ. ಅರ್ಥವುಳ್ಳ ಕೆಲಸ ಬೇಕು ಅನ್ನುವವರು ಅದಕ್ಕಾಗಿ ಸ್ವಲ್ಪ ಕಡಿಮೆ ಪಗಾರ ಒಪ್ಪಬಹುದು. ಒಪ್ಪದಿದ್ದರೆ ಅವರಿಗೆ ಅರ್ಥಕ್ಕಿಂತ ರೊಕ್ಕ ಹೆಚ್ಚು ಎಂದಾಯಿತು. ಇದರಲ್ಲಿ ಅನ್ಯಾಯ ಎಲ್ಲಿಂದ ಬಂತು? ಕೇಳಲು ಚೊಕ್ಕ ಇದೆ. ಎರಡೂ ಕಡೆ ಊಟ ಇರುವ ಮನುಷ್ಯನಿಗೆ ಇದು ಆಯ್ಕೆ. ಮನೆ ಬಾಡಿಗೆ ಬಾಕಿ ಇರುವವರಿಗೆ ‘ನಿನಗೆ ಕೆಲಸದಲ್ಲಿ ಖುಷಿ ಇದೆಯಲ್ಲ, ಹಾಗಾಗಿ ಕಡಿಮೆ ಕೊಡುತ್ತೇನೆ’ ಎಂದರೆ ಅವರ ಖುಷಿಯ ಮೇಲೆ ತೆರಿಗೆ ಹಾಕಿದ ಹಾಗೆ. ಅಂಗನವಾಡಿ ಕಾರ್ಯಕರ್ತೆಯರಿಗೆ, ಆಶಾ ಅಕ್ಕಂದಿರಿಗೆ ಸೇವೆ ಎಂಬ ಹೆಸರಲ್ಲಿ ಪಗಾರದ ಬದಲು ಗೌರವಧನ ಕೊಡುವುದೂ ಇದೇ ಲೆಕ್ಕ.

ಮಗ ಹೋಗಲಿ. ಪರಂಪರೆ ಉಳಿಸುವುದು ಊರಿಗೆಲ್ಲ ಬೇಕಿದ್ದರೆ ಊರೆಲ್ಲ ಅದರ ಬೆಲೆ ಕೊಡಬೇಕು. ಇಪ್ಪತ್ತರ ಹುಡುಗನೊಬ್ಬನ ಹೆಗಲ ಮೇಲೆ ಅದನ್ನು ಹೊರಿಸುವುದು ಮೋಸ. ಬಿದರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಅಂಗಡಿಯಲ್ಲಿ ಬೆಲೆಯೂ ಇದೆ. ಆ ಬೆಲೆಯಲ್ಲಿ ಕೆತ್ತಿದವನಿಗೆ ಎಷ್ಟು ಬಂತು ಎಂದು ಚೀಟಿಯ ಮೇಲೆ ಬರೆಯುವ ಪದ್ಧತಿ ಯಾರಾದರೂ ತರಲಿ. ಆಮೇಲೆ ಮಗನಿಗೆ ಬುದ್ಧಿ ಹೇಳೋಣ.

ಪ್ರಶ್ನೆ: ಮೇಡಂ ಅವರಿಗಿ ನಮಸ್ಕಾರ. ನಾ ಮೇಸ್ತ್ರಿ. ನಮ್ಮ ಊರ ಮಂದೀನ ಬೆಂಗಳೂರಿಗಿ ಬಿಲ್ಡಿಂಗ್ ಕೆಲಸಕ್ಕ ಕರಕೊಂಡು ಹೋಗ್ತೀನಿ. ನೀವು ಓದಿದವರು ‘ಕೆಲಸದಾಗ ಅರ್ಥ’ ಅಂತೀರಿ. ಹೊಟ್ಟಿ ತುಂಬಿದವರ ಮಾತು ಅದು. ನಮ್ಮ ಮಂದಿಗಿ ಮೊದಲ ಕೂಲಿ ಬೇಕು, ಅರ್ಥ ಆಮ್ಯಾಗ. ಸುಳ್ಳ ಅಂತೀರೇನು?
(ಯಾದಗಿರಿ ಜಿಲ್ಲೆ)

ಉತ್ತರ: ಮೇಸ್ತ್ರಿಯವರೇ, ಅರ್ಧ ಖರೆ. ಆ ಅರ್ಧವನ್ನು ನನಗಿಂತ ಚೆನ್ನಾಗಿ ಸುಪ್ರೀಂ ಕೋರ್ಟ್ ಹೇಳಿದೆ. ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟಕ್ಕೆ ಕಟ್ಟಡ ಕಟ್ಟುತ್ತಿದ್ದ ಕೂಲಿಕಾರರ ವಿಷಯ 1982ರಲ್ಲಿ ಅದರ ಮುಂದೆ ಬಂತು. ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆ ನಿಷೇಧಿಸುತ್ತದೆ. ಬಲವಂತ ಎಂದರೆ ಬಡಿಗೆ ಹಿಡಿದು ನಿಂತವನೇ ಬೇಕಿಲ್ಲ, ಹಸಿವೂ ಬಲವಂತವೇ. ಕನಿಷ್ಠ ಕೂಲಿಗಿಂತ ಕಡಿಮೆಗೆ ಒಬ್ಬ ಮನುಷ್ಯ ದುಡಿಯುತ್ತಿದ್ದರೆ ಅವನನ್ನು ಯಾವುದೋ ಒತ್ತಡ ದೂಡಿದೆ ಎಂದೇ ತಿಳಿಯಬೇಕು ಎಂದು ಕೋರ್ಟ್ ಹೇಳಿತು. ‘ಅವರೇ ಒಪ್ಪಿ ಬಂದಾರಲ್ಲ’ ಎಂಬ ಮಾತು ನೀವೂ ಆಡಿರುತ್ತೀರಿ, ಬಿಲ್ಡರೂ ಆಡಿರುತ್ತಾನೆ. ಆ ಮಾತಿಗೆ ಅಲ್ಲಿ ಉತ್ತರ ಇದೆ. ನಿಮ್ಮ ಲೇಬರ್ ಶೆಡ್ಡಿನಲ್ಲಿ ಮಲಗುವವರಿಗೆ ಕೂಲಿ ಪೂರ್ತಿ ಕೈಗೆ ಬರುವುದು, ಮುಂಗಡ ಅವರ ಕೊರಳಿಗೆ ಬೀಳದಿರುವುದು ಎಲ್ಲಕ್ಕಿಂತ ಮೊದಲು. ಇದರಲ್ಲಿ ನಿಮಗೂ ನನಗೂ ಜಗಳವಿಲ್ಲ, ನಿಮ್ಮ ಕಮಿಷನ್ ಎಷ್ಟು ಎಂಬುದೊಂದನ್ನು ಬಿಟ್ಟರೆ.

ಉಳಿದರ್ಧ ಒಪ್ಪುವುದಿಲ್ಲ. ನಮ್ಮವ್ವ ಇದೇ ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಬ್ಯಾಳಿ ಹಸನು ಮಾಡುತ್ತಿದ್ದಳು. ಬಣ್ಣ ನೋಡಿ ಆರಿಸುವ ಯಂತ್ರ ಬರುವ ಮೊದಲಿನ ಮಾತು. ಹೆಂಗಸರೆಲ್ಲ ಸಾಲಾಗಿ ಕೂತು ಸಿಪ್ಪೆ ಬಿಡದ ಕಾಳು, ಕರೀ ಕಾಳು, ಹಳ್ಳು ತೆಗೆಯುವುದು. ಹೊಟ್ಟೆ ತುಂಬಿದ ಮನೆ ನಮ್ಮದಾಗಿರಲಿಲ್ಲ. ತೊಗರಿಗೆ ಎಣ್ಣೆ-ನೀರು ಸವರಿ ಅಂಗಳದಲ್ಲಿ ಒಣಹಾಕುತ್ತಾರೆ, ಸರಿಯಾಗಿ ಒಣಗಿದ ಮೇಲೆ ಒಡೆಯಬೇಕು, ಇಲ್ಲದಿದ್ದರೆ ಬ್ಯಾಳಿಗಿಂತ ನುಚ್ಚು ಜಾಸ್ತಿ. ಅವ್ವ ಹೋಗುತ್ತ ಬರುತ್ತ ಒಂದು ಕಾಳು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಹಲ್ಲಿನಲ್ಲಿ ಕಟ್ ಎಂದರೆ ಆಯಿತು, ಮೆತ್ತಗೆ ಚಪ್ಪಟೆಯಾದರೆ ಇನ್ನೊಂದು ಬಿಸಿಲು ಬೇಕು. ಅವಳಿಗೆ ಇದು ಗೊತ್ತಿತ್ತು, ಆದರೆ ಕೇಳುವವರಿರಲಿಲ್ಲ. ಅಂಗಳ ನೋಡಿಕೊಳ್ಳುವವ ತನ್ನ ಅಂದಾಜಿನ ಮೇಲೆ ಒಡೆಸುತ್ತಿದ್ದ, ನುಚ್ಚು ಬಿದ್ದಾಗ ಆರಿಸುವ ಹೆಂಗಸರಿಗೇ ಬೈಗುಳ. ರಾತ್ರಿ ರೊಟ್ಟಿ ಬಡಿಯುತ್ತ ಅವಳು ಆಡುತ್ತಿದ್ದ ಮಾತು ಕೂಲಿಯದ್ದು ಕಡಿಮೆ, ಇದರದ್ದೇ ಜಾಸ್ತಿ.

ಆಮೇಲೆ ಬಂದ ಒಬ್ಬ ಮುನೀಮ ಹುಷಾರಿ. ಬೆಳಿಗ್ಗೆ ಅವಳನ್ನೇ ಕರೆದು ‘ನೋಡವ್ವಾ, ಆಗ್ಯಾದೇನು?’ ಎಂದು ಕೇಳತೊಡಗಿದ. ಸ್ವಲ್ಪ ದಿನ ಮನೆಯಲ್ಲಿ ಹಬ್ಬ. ಅದಾದ ಮೇಲೆ ಅವಳು ನೆಟ್ಟಗೆ ಹೋಗಿ ಕೂಲಿ ಹೆಚ್ಚು ಮಾಡ್ರಿ ಎಂದಳು. ‘ಕೇಳೂದಾದ್ರ ಕೊಡಬೇಕಲ್ಲ?’ ಅದಕ್ಕೂ ಮೊದಲು, ಬರೀ ಹಸಿವಿನ ಮೇಲೆ, ಅವಳು ಒಮ್ಮೆಯೂ ಕೂಲಿ ಏರಿಸಿ ಎಂದು ಕೇಳಿರಲಿಲ್ಲ. ಕೂಲಿ ಮೊದಲು, ಅರ್ಥ ಆಮೇಲೆ ಎಂದು ನೀವು ಸಾಲು ಹಚ್ಚಿದಿರಿ. ನಮ್ಮ ಮನೆಯಲ್ಲಿ ಸಾಲು ತಿರುಗಾಮುರುಗಾ ಇತ್ತು. ತನ್ನ ತಿಳಿವಳಿಕೆಗೆ ಬೆಲೆ ಇದೆ ಎಂದು ಕಂಡ ಮೇಲೆ ಅವಳಿಗೆ ಜೋರು ಮಾಡುವ ಧೈರ್ಯ ಬಂತು. ನಾಲ್ಕಾಣೆ ಹೆಚ್ಚಾಯಿತು ಅನ್ನಿ, ಕೋಟೆ ಗೆಲ್ಲಲಿಲ್ಲ.

ನಿಮ್ಮ ಮಂದಿಯಲ್ಲೂ ಗಾರೆ ಹದ ಬಲ್ಲವರು, ಸೆಂಟ್ರಿಂಗ್ ಎಲ್ಲಿ ಜಾರುತ್ತದೆ ಎಂದು ಎಂಜಿನಿಯರಿಗಿಂತ ಮೊದಲು ಕಂಡುಹಿಡಿಯುವವರು ಇರುತ್ತಾರೆ. ಅವರನ್ನು ಕೇಳುತ್ತೀರೋ, ಅಥವಾ ತಲೆ ಎಣಿಸಿ ಲಾರಿ ಹತ್ತಿಸುತ್ತೀರೋ?

ಪ್ರಶ್ನೆ: ಎಲ್ಲರಿಗೂ ಅರ್ಥಪೂರ್ಣ ಕೆಲಸವೇ ಬೇಕು ಎಂದರೆ ನಮ್ಮ ಕಾಲೊನಿಯ ಕಸ ಎತ್ತುವವರು ಯಾರು, ಗಟಾರ ಬಳಿಯುವವರು ಯಾರು? ಕಷ್ಟದ ಕೆಲಸಕ್ಕೆ ಮಾರುಕಟ್ಟೆಯೇ ಹೆಚ್ಚು ಕೂಲಿ ಕೊಟ್ಟು ಸರಿದೂಗಿಸುತ್ತದೆ, ಇದು ಅರ್ಥಶಾಸ್ತ್ರದ ಮೊದಲ ಪಾಠ. ಇಷ್ಟು ಮಾತಾಡುವ ನೀವು ಕಸ ಎತ್ತುತ್ತೀರಾ?
(ನಿವೃತ್ತ ಬ್ಯಾಂಕ್ ಅಧಿಕಾರಿ, ಕಲಬುರಗಿ)

ಉತ್ತರ: ಮೊದಲ ಪಾಠವನ್ನು 1848ರಲ್ಲೇ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜಾನ್ ಸ್ಟುವರ್ಟ್ ಮಿಲ್ ತಿದ್ದಿದ್ದಾನೆ, ಸರ್. ನಿಜಕ್ಕೂ ಮೈ ಮುರಿಯುವ, ಅಸಹ್ಯ ಹುಟ್ಟಿಸುವ ಕೆಲಸಗಳಿಗೆ ಹೆಚ್ಚು ಕೂಲಿ ಸಿಗುವುದು ಹಾಗಿರಲಿ, ಎಲ್ಲಕ್ಕಿಂತ ಕಡಿಮೆ ಸಿಗುತ್ತದೆ, ಯಾಕೆಂದರೆ ಬೇರೆ ದಾರಿ ಇಲ್ಲದವರೇ ಅದನ್ನು ಮಾಡುತ್ತಾರೆ ಎಂದ. ಬೇಕಿದ್ದರೆ ನಿಮ್ಮ ಪಿಂಚಣಿಯ ಚೀಟಿಯ ಪಕ್ಕದಲ್ಲಿ ನಿಮ್ಮ ಕಾಲೊನಿಯ ಪೌರಕಾರ್ಮಿಕಳ ಪಗಾರ ಇಟ್ಟು ನೋಡಿ.

ನಮ್ಮಲ್ಲಿ ಅದಕ್ಕೆ ಇನ್ನೊಂದು ಕಾರಣ ಇದೆ. ಜಾತಿಯನ್ನು ‘ಕೆಲಸದ ಹಂಚಿಕೆ’ ಎಂದು ಸಮರ್ಥಿಸಿದವರಿಗೆ ಅಂಬೇಡ್ಕರ್ 1936ರಲ್ಲಿ ಉತ್ತರ ಕೊಟ್ಟರು. ಅದು ಕೆಲಸದ ವಿಭಜನೆಯಷ್ಟೇ ಅಲ್ಲ, ಕೆಲಸ ಮಾಡುವವರ ವಿಭಜನೆ. ಒಬ್ಬರ ಮೇಲೊಬ್ಬರನ್ನು ಮೆಟ್ಟಿಲು ಮಾಡಿ ಕೂಡಿಸಿದ್ದು. ಅಲ್ಲಿ ಒಲವಿಗೆ, ಆಯ್ಕೆಗೆ ಜಾಗವಿಲ್ಲ. ಬೀದರಿನ ತಂಗಿಯ ಮಗನಿಗೆ ನಾನು ‘ಹೋಗು’ ಎಂದದ್ದೂ ಈ ಕಾರಣಕ್ಕೇ. ಅಪ್ಪನ ಉಳಿ ಮಗನ ಕೈಗೆ ಬರುವುದು ಚೆಂದ ಕಾಣುತ್ತದೆ, ಅಪ್ಪನ ಪೊರಕೆ ಮಗನ ಕೈಗೆ ಬಂದಾಗ ಕಟ್ಟು ಅದೇ ಎಂದು ತಿಳಿಯುತ್ತದೆ. ಮಲ ಬಳಿಯಿಸುವುದನ್ನು ಕಾನೂನು 1993ರಲ್ಲಿ ನಿಷೇಧಿಸಿತು, 2013ರಲ್ಲಿ ಇನ್ನಷ್ಟು ಬಿಗಿ ಮಾಡಿತು. ಚರಂಡಿಯಲ್ಲಿ ಸತ್ತವರ ಮನೆಗೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಬೇಕಾಗಿ ಬಂತು. ಸಾವು ನಿಂತಿದ್ದರೆ ದರ ಏರಿಸುವ ಪ್ರಸಂಗವೇ ಬರುತ್ತಿರಲಿಲ್ಲ.

ಯಂತ್ರ ಮಾಡಬಲ್ಲದ್ದನ್ನು ಯಂತ್ರ ಮಾಡಲಿ, ಗಟಾರಕ್ಕಂತೂ ಮನುಷ್ಯ ಇಳಿಯಲೇಬಾರದು. ಉಳಿದ ಕಸಕ್ಕೆ ಎರಡು ದಾರಿ ತೋರಿಸಿದ್ದಾರೆ. ಅಮೆರಿಕದ ಚಿಂತಕ ಮೈಕೆಲ್ ವಾಲ್ಜರ್ 1983ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಉದಾಹರಣೆ ಕೊಟ್ಟ. ಅಲ್ಲಿನ ಒಂದು ಕಂಪನಿಗೆ ಕಸ ಎತ್ತುವವರೇ ಪಾಲುದಾರರಾಗಿದ್ದರು, ಮುಖ್ಯಸ್ಥರನ್ನು ಆರಿಸುತ್ತಿದ್ದವರೂ ಅವರೇ. ಕಸ ಅದೇ, ನಾತ ಅದೇ, ಆದರೆ ಲಾರಿ ಅವರದ್ದು. ಠೇಕೇದಾರನ ಕೈಕೆಳಗಿನ ಕೆಲಸಕ್ಕೂ ಇದಕ್ಕೂ ಇರುವ ದೂರ ನಿಮ್ಮಂಥ ಬ್ಯಾಂಕಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಅಂಥ ಸಹಕಾರಿಗೆ ಸಾಲ ಮಂಜೂರು ಮಾಡಿಸುವುದು ಹೇಗೆ ಎಂದು ನೀವೇ ಹೇಳಿಕೊಡಬಹುದು. ಪಾಲ್ ಗಾಂಬರ್ಗ್ ಎಂಬ ತತ್ವಜ್ಞಾನಿ 2007ರಲ್ಲಿ ಇನ್ನೂ ಮುಂದೆ ಹೋದ. ಬ್ಯಾಸರದ ಕೆಲಸವನ್ನು ಎಲ್ಲರೂ ಹಂಚಿಕೊಂಡರೆ ಯಾರ ಇಡೀ ಬದುಕೂ ಅದರಲ್ಲೇ ಕಳೆಯಬೇಕಾಗಿಲ್ಲ, ಬುದ್ಧಿ ಬೇಡುವ ಕೆಲಸವೂ ಎಲ್ಲರ ಕೈಗೆ ಸಿಗುತ್ತದೆ ಎಂದ. ಶಸ್ತ್ರಚಿಕಿತ್ಸೆ ಮಾಡುವವರಿಗೆ ಪೊರಕೆ ಕೊಟ್ಟರೆ ರೋಗಿಗೆ ನಷ್ಟ ಎಂದು ಆಕ್ಷೇಪ ಬಂದೇ ಬರುತ್ತದೆ. ವಾರಕ್ಕೆ ಒಂದು ಗಂಟೆ ಗುಡಿಸಿದರೆ ಯಾವ ಡಾಕ್ಟರನ ಕೈಯೂ ಮರೆಯುವುದಿಲ್ಲ ಎಂದು ನನ್ನ ಅಂದಾಜು. ಪೂರ್ತಿ ಹಂಚಿಕೆ ನಮ್ಮ ಕಾಲದಲ್ಲಿ ಆಗಲಿಕ್ಕಿಲ್ಲ. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುವ ಪಾಲಾದರೂ ನಿಮ್ಮ ಕಾಲೊನಿ ಇವತ್ತೇ ತಗೊಳ್ಳಬಹುದು.

ನಾನು ಎತ್ತುತ್ತೀನಾ ಎಂದು ಕೇಳಿದಿರಿ. ಪಾಳಿ ಹಚ್ಚಿ, ನನ್ನ ಹೆಸರೂ ಬರೆಯಿರಿ. ನನ್ನ ದಿನ ಬಂದಾಗ ಮೊಣಕಾಲು ನೋವಿನ ಡಾಕ್ಟರ್ ಚೀಟಿ ತೋರಿಸಿ ತಪ್ಪಿಸಿಕೊಳ್ಳಲು ನೋಡುವವಳೇ ನಾನು, ಬಿಡಬೇಡಿ. ಕೂತು ಮಾಡುವ ಹಸಿ-ಒಣ ಬೇರೆ ಮಾಡುವ ಕೆಲಸ ಕೊಡಿ.